ಗಿರಣಿ ನಿಂತ ದಿನಗಳು

"ಅಕ್ಕಾ, ಸ್ವಲ್ಪ ಈ ಕಡೆ ಬರ್ತೀರಾ? ಇಲ್ಲೇನೋ ಸಿಕ್ಕಿದೆ," ಎಂದು ಹಿತ್ತಲಿನಿಂದ ಪ್ಲಂಬರ್ ಕೂಗಿದಾಗ ನರ್ಸಕ್ಕ ಡ್ಯೂಟಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆಯನ್ನು ಕೂದಲಿಗೇ ಸಿಕ್ಕಿಸಿಕೊಂಡು ಹೊರಗೆ ಬಂದಳು.

ಬಚ್ಚಲಿನ ನೀರು ವಾರದಿಂದ ಸರಾಗವಾಗಿ ಹೋಗುತ್ತಿರಲಿಲ್ಲ. ಹೊಸ ಪೈಪು ಹಾಕಲೆಂದು ಪ್ಲಂಬರ್ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮೊಣಕಾಲುದ್ದ ಅಗೆದಿದ್ದ. ಮಣ್ಣಿನ ಗುಡ್ಡೆಯ ಮೇಲೆ ತುಕ್ಕು ತಿಂದು ಜರಡಿಯಾದ ತಗಡಿನ ಡಬ್ಬವೊಂದು ಬಿದ್ದಿತ್ತು. ಅದರೊಳಗೆ ಕಪ್ಪಗೆ ಜಿಡ್ಡುಗಟ್ಟಿದ ಬಟ್ಟೆಯ ಗಂಟು.

"ಬಾಂಬು ಗೀಂಬು ಇರಬಹುದಾ ಅಂತ. ನಾನಂತೂ ಮುಟ್ಟಲ್ಲಪ್ಪ. ನನಗಿನ್ನೂ ಮದುವೆ ಆಗಿಲ್ಲ," ಎಂದು ಪ್ಲಂಬರ್ ಎರಡು ಹೆಜ್ಜೆ ಹಿಂದೆ ನಿಂತ.

ನರ್ಸಕ್ಕ ಕುಕ್ಕರುಗಾಲಲ್ಲಿ ಕೂತು, ಹಳೆಯ ಗಾಯದ ಪಟ್ಟಿ ಬಿಚ್ಚುವವಳ ಹಾಗೆ ತುದಿಯಿಂದ ನಿಧಾನವಾಗಿ ಬಟ್ಟೆ ಬಿಡಿಸಿದಳು. ಒಳಗಿದ್ದದ್ದು ಕಬ್ಬಿಣದ ಒಂದು ಗಟ್ಟಿ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ನೋಡಿದ್ದಕ್ಕಿಂತ ಹೆಚ್ಚು ಭಾರ. ಮೇಲೆ ಮೂತಿಯಂತೆ ಒಂದು ಕೊಳವೆ, ಕೆಳಗೆ ಬಿಗಿದುಕೊಂಡ ಸ್ಪ್ರಿಂಗು, ಎರಡು ಪಕ್ಕಕ್ಕೆ ಕಿವಿಗಳ ಹಾಗೆ ಚಾಚಿದ ತೂತುಗಳು.

ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಮಗಳ ಕೈಯಲ್ಲಿದ್ದದ್ದನ್ನು ನೋಡಿದಳು.

"ಯಾವುದೋ ಹಳೇ ಕಬ್ಬಿಣ. ಗುಜರಿಯವನಿಗೆ ಹಾಕು," ಎಂದಳು. ಬಂದ ಹಾಗೆಯೇ ತಿರುಗಿ ಒಳಗೆ ಹೋದಳು.

ನರ್ಸಕ್ಕನಿಗೆ ಅದು ವಿಚಿತ್ರವೆನಿಸಿತು. ಅಮ್ಮ ಉದುರಿದ ಗುಂಡಿಯನ್ನೂ ಬಿಸಾಡುವವಳಲ್ಲ. ಮನೆಯಲ್ಲಿ ಒಂದು ಮೊಳೆ ಸಿಕ್ಕರೆ ಅದು ಯಾವ ಬಾಗಿಲಿನದು, ಯಾರು ಹೊಡೆದದ್ದು, ಯಾಕೆ ಕಿತ್ತುಬಂತು ಎಂದು ಅದರ ವಂಶಾವಳಿ ಹೇಳುವವಳು. ಈಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನರ್ಸಕ್ಕ ಗುಜರಿಗೆ ಹಾಕಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿ ಊಟದ ಡಬ್ಬಿಯ ಚೀಲಕ್ಕೆ ಇಳಿಸಿಕೊಂಡಳು.

ಆಸ್ಪತ್ರೆಯ ದಾರಿಯಲ್ಲಿ ಒಂದು ಲೇತ್ ಅಂಗಡಿಯಿತ್ತು. ಅದರ ಮೇಸ್ತ್ರಿಯನ್ನು ಬೀದಿಯವರೆಲ್ಲ ರೇಡಿಯೋ ಎನ್ನುತ್ತಿದ್ದರು. ಮಿಷನ್ನು ನಿಂತರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಸಂಜೆ ಡ್ಯೂಟಿ ಮುಗಿಸಿ ಬರುವಾಗ ನರ್ಸಕ್ಕ ಅಲ್ಲಿ ಇಳಿದಳು.

"ಏನು ನರ್ಸಕ್ಕ, ಇಂಜೆಕ್ಷನ್ ಕೊಡೋಕೆ ಅಂಗಡಿಗೇ ಬಂದ್ರಾ?" ಎಂದು ರೇಡಿಯೋ ಕೈ ಒರೆಸಿಕೊಂಡ. ಕಬ್ಬಿಣದ ಗಟ್ಟಿಯನ್ನು ತೂಗಿ ನೋಡಿದ. ಸೀಮೆಎಣ್ಣೆಯ ಬಟ್ಟಲಲ್ಲಿ ಅದ್ದಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ. ತಿಕ್ಕುವಾಗ ಅಪರೂಪಕ್ಕೆ ಅವನ ಮಾತು ನಿಂತಿತು.

"ಇದು ಡೀಸೆಲ್ ಪಂಪು," ಎಂದ ಕೊನೆಗೆ. "ಲಾರಿದಲ್ಲ. ಲಾರಿದಾದ್ರೆ ನಾಲ್ಕು ಬಾಯಿ, ಆರು ಬಾಯಿ ಇರುತ್ತೆ. ಇದಕ್ಕೆ ಒಂದೇ. ಅಂದ್ರೆ ನೆಲಕ್ಕೆ ಕೂರಿಸಿ ಓಡಿಸೋ ಎಂಜಿನ್‌ದು. ನೀರೆತ್ತೋದು, ಹಿಟ್ಟಿನ ಗಿರಣಿ, ಆ ಥರದ್ದು. ನಿಮ್ಮಪ್ಪಂದು ಗಿರಣಿ ಇತ್ತಲ್ಲ ಮೊದಲು?"

"ಇತ್ತು."

"ಹಾಗಾದ್ರೆ ಅದರದ್ದೇ. ಎಂಜಿನ್ನಿಗೆ ಎಣ್ಣೆ ಕುಡಿಸೋದು ಇದು. ಇದು ಇಲ್ಲದಿದ್ರೆ ಎಂಥ ಎಂಜಿನ್ನೂ ಬರೀ ಬಂಡೆ." ಅವನು ಅದನ್ನು ದೀಪದ ಕೆಳಗೆ ಹಿಡಿದ. "ಆದರೆ ಒಂದು ಮಾತು. ಇದನ್ನ ಯಾರೂ ಬಿಸಾಡಿಲ್ಲ. ಇಲ್ಲಿ ನೋಡಿ, ಎಣ್ಣೆ ಬರೋ ತೂತಿಗೂ ಹೋಗೋ ಬಾಯಿಗೂ ಮರದ ಬೆಣೆ ಕೆತ್ತಿ ತುರುಕಿದ್ದಾರೆ, ಮಣ್ಣು ಹೋಗಬಾರದು ಅಂತ. ಮೈಗೆಲ್ಲ ಗ್ರೀಸು ಮೆತ್ತಿ, ಬಟ್ಟೆ ಸುತ್ತಿ, ಡಬ್ಬದಲ್ಲಿ ಇಟ್ಟಿದ್ದಾರೆ. ಕದ್ದ ಮಾಲಿಗೆ ಯಾರು ಇಷ್ಟು ಉಪಚಾರ ಮಾಡ್ತಾರೆ? ವಾಪಸ್ ತಗೊಂಡು ಕೂರಿಸೋಣ ಅಂತಲೇ ಇಟ್ಟಿರೋದು. ಎಂಜಿನ್ ಬಲ್ಲವನ ಕೈ ಇದು."

ಕದ್ದ ಮಾಲು ಎಂಬ ಮಾತನ್ನು ಅವನು ಸುಮ್ಮನೆ, ಮಾತಿನ ಓಘದಲ್ಲಿ ಆಡಿದ್ದ. ನರ್ಸಕ್ಕ ಪಂಪನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಪೇಪರಿನಲ್ಲಿ ಸುತ್ತಿದಳು.

ಅವಳು ಚಿಕ್ಕವಳಿದ್ದಾಗ ಮನೆಯ ಮುಂಭಾಗದಲ್ಲೇ ಗಿರಣಿಯಿತ್ತು. ಈಗ ಆ ಜಾಗದಲ್ಲಿ ಯಾರೋ ಬಾಡಿಗೆ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ. ಆಗ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಎಂಜಿನ್ ಧಡ್ ಧಡ್ ಎನ್ನುತ್ತಿತ್ತು. ಅಡುಗೆಮನೆಯ ತಟ್ಟೆಗಳು ಆ ತಾಳಕ್ಕೇ ನಡುಗುತ್ತಿದ್ದವು. ಎಂಜಿನ್ ನೋಡಿಕೊಳ್ಳುತ್ತಿದ್ದವನನ್ನು ಅವಳೂ ಅವಳ ಅಣ್ಣನೂ ಎಂಜಿನ್ ಮಾಮ ಎಂದು ಕರೆಯುತ್ತಿದ್ದರು. ತೆಳ್ಳಗಿನ, ನಗುಮುಖದ ಮನುಷ್ಯ. ಅಣ್ಣನನ್ನು ಹಿಟ್ಟಿನ ತಕ್ಕಡಿಯಲ್ಲಿ ಕೂರಿಸಿ, "ಇವತ್ತು ಒಂದು ಹಿಡಿ ಜಾಸ್ತಿ ಇದ್ದಾನೆ," ಎಂದು ತೂಗಿ ಹೇಳುತ್ತಿದ್ದ.

ಅಣ್ಣ ಗಿರಣಿಯ ಅಂಗಳದಲ್ಲಿ ತುಕ್ಕು ಮೊಳೆ ತುಳಿದ. ಗಾಯ ಮಾಗಿತು, ಎಲ್ಲರೂ ಮರೆತರು. ಆಮೇಲೆ ಒಂದು ದಿನ ಬಾಯಿ ತೆರೆಯಲಾಗುತ್ತಿಲ್ಲ ಎಂದ. ಧನುರ್ವಾಯು. ಡಾಕ್ಟರು ಮನೆಗೆ ಬಂದು, ಕೋಣೆಯಲ್ಲಿ ಬೆಳಕೂ ಬೇಡ, ಸದ್ದೂ ಬೇಡ ಎಂದು ಹೇಳಿಹೋದರು. ನರ್ಸಾದ ಮೇಲೆ ಅವಳು ಅಂಥವರನ್ನು ವಾರ್ಡಿನಲ್ಲಿ ನೋಡಿದ್ದಳು. ಕಿಟಕಿಗೆ ಬಟ್ಟೆ ಕಟ್ಟಿ, ಬಂದವರಿಂದ ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಪಿಸುಮಾತನ್ನೂ ಗದರಿ ನಿಲ್ಲಿಸುತ್ತಿದ್ದಳು. ಒಂದು ಚಮಚ ಬಿದ್ದರೂ ಅವರ ಮೈ ಬಿಲ್ಲಾಗಿ ಬಾಗುತ್ತದೆ. ಅವಳ ವಾರ್ಡಿನಲ್ಲಿ ಇರುವೆ ನಡೆದರೂ ಬೈಯುತ್ತಾಳೆ ಎಂದು ಆಯಾಗಳು ತಮಾಷೆ ಮಾಡುತ್ತಿದ್ದರು.

ಆ ದಿನಗಳಿಂದ ಅವಳಿಗೆ ನೆನಪಿದ್ದದ್ದು ಎರಡೇ ಸಂಗತಿ. ಒಂದು ಬೆಳಿಗ್ಗೆ ಎಂಜಿನ್ ಶುರುವಾಗಲಿಲ್ಲ. ತಟ್ಟೆಗಳು ನಡುಗದ ಮನೆ ಬೇರೆ ಯಾರದೋ ಮನೆಯಂತಿತ್ತು. ಇನ್ನೊಂದು, ಅದೇ ದಿನ ಕಾಳಿನ ಚೀಲ ಹೊತ್ತು ನಿಂತವರೆಲ್ಲರ ಎದುರು ಅಪ್ಪ ಎಂಜಿನ್ ಮಾಮನ ಕೆನ್ನೆಗೆ ಹೊಡೆದದ್ದು. ಪಂಪು ಬಿಚ್ಚಿ ಮಾರಿಕೊಂಡಿದ್ದಾನೆ ಎಂದು ಪೊಲೀಸರಿಗೂ ಒಪ್ಪಿಸಿದ. ಅಣ್ಣ ಹೋದ. ಎಷ್ಟೋ ದಿನಗಳ ಮೇಲೆ ಹೊಸ ಪಂಪು ಬಂತು, ಎಂಜಿನ್ ಮತ್ತೆ ಓಡಿತು. ಎಂಜಿನ್ ಮಾಮನನ್ನು ಮಾತ್ರ ಊರಿನಲ್ಲಿ ಯಾರೂ ಎಂಜಿನ್ನಿನ ಹತ್ತಿರ ಸೇರಿಸಲಿಲ್ಲ. ಅವನು ಲಾರಿ ಸ್ಟ್ಯಾಂಡಿನಲ್ಲಿ ಮೂಟೆ ಹೊರುವುದಕ್ಕೆ ನಿಂತ. ಅಪ್ಪ ಸಾಯುವವರೆಗೂ ಅವನನ್ನು "ಆ ಕಳ್ಳ" ಎಂದೇ ಕರೆದ. ಮನೆ ಮುಳುಗುವ ಹೊತ್ತಿಗೆ ಕೈ ಕೊಟ್ಟವನು ಎಂಬುದು ಅಪ್ಪನ ಮಾತು. ನರ್ಸಕ್ಕನೂ ಅದನ್ನೇ ನಂಬಿ ಬೆಳೆದಿದ್ದಳು.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಮಗಳು ಪೇಪರು ಬಿಚ್ಚಿ ಪಂಪನ್ನು ಅವಳ ಮುಂದಿಟ್ಟಳು.

"ಗುಜರಿಗೆ ಹಾಕು ಅಂದಿದ್ದೆ," ಎಂದಳು ಅಮ್ಮ.

"ಎಂಜಿನ್ ಮಾಮ ಕದ್ದ ಪಂಪು ನಮ್ಮ ಹಿತ್ತಲಿಗೇ ಹೇಗೆ ಬಂತಮ್ಮ?"

ಅಮ್ಮ ಬಿಡಿಸುತ್ತಿದ್ದ ಬೆಳ್ಳುಳ್ಳಿಯನ್ನು ಪೂರ್ತಿ ಬಿಡಿಸಿ ಬಟ್ಟಲಿಗೆ ಹಾಕಿದಳು. ಸಿಪ್ಪೆಗಳನ್ನು ಒಂದೆಡೆ ಗುಡ್ಡೆ ಮಾಡಿದಳು.

"ನಾನೇ ಹೂತಿದ್ದು," ಎಂದಳು.

ನರ್ಸಕ್ಕ ಎದುರಿನ ಕುರ್ಚಿ ಎಳೆದುಕೊಂಡು ಕೂತಳು.

"ಆ ಎಂಜಿನ್ ಒಂದೊಂದು ಸಲ ಧಡ್ ಅಂದಾಗಲೂ ನಿಮ್ಮಣ್ಣನ ಮೈ ಸೆಟೆದು ಹೋಗೋದು. ಹಲ್ಲು ಕಚ್ಚಿ ಕಚ್ಚಿ ತುಟಿಯೆಲ್ಲ ರಕ್ತ. ನಿಮ್ಮಪ್ಪನ ಕಾಲು ಹಿಡಿದೆ. ನಿಲ್ಲಿಸಿ ಅಂದೆ. ಅವರು ಕೆಟ್ಟವರಲ್ಲ ಕಣೇ. ಅವರಿಗೆ ಭಯ. ಎಂಜಿನ್ ನಿಲ್ಲಿಸೋದು ಅಂದ್ರೆ ಹುಡುಗ ಹೋದ ಅಂತ ಒಪ್ಪಿಕೊಂಡ ಹಾಗೆ ಅಂದ್ರು. ಅದು ಓಡ್ತಾ ಇರೋ ತನಕ ಈ ಮನೇಲಿ ಏನೂ ಆಗಲ್ಲ ಅಂತ ಹಟ ಹಿಡಿದು ಕೂತರು. ಡಾಕ್ಟರು ಹೇಳಿದ್ರೂ ತಲೆಗೆ ಹೋಗಲಿಲ್ಲ."

"ಆಮೇಲೆ?"

"ಬೆಳಗಿನ ಜಾವ ಹಾರೆ ತಗೊಂಡು ಹೋದೆ. ಒಡೆದು ಹಾಕೋಣ ಅಂತ. ನಿಮ್ಮ ಮಾಮ ಆಗಲೇ ಬಂದು ಎಂಜಿನ್ ಒರೆಸ್ತಾ ಇದ್ದ. ನನ್ನ ಕೈಯಿಂದ ಹಾರೆ ತಗೊಂಡು ಪಕ್ಕಕ್ಕಿಟ್ಟ. 'ಅಕ್ಕಾ, ಇದನ್ನ ಹಾರೇಲಿ ಒಡೀಬೇಕಂದ್ರೆ ಸಂಜೆ ಆಗುತ್ತೆ. ಇರಿ,' ಅಂದ. ಎರಡು ಬೋಲ್ಟು ಬಿಚ್ಚಿದ, ಇದನ್ನ ತೆಗೆದ. ಬೆಣೆ ಕೆತ್ತಿ, ಗ್ರೀಸು ಹಚ್ಚಿ, ತನ್ನ ಹೆಗಲ ಮೇಲಿದ್ದ ಬಟ್ಟೇಲೇ ಸುತ್ತಿ ಕೊಟ್ಟ. 'ಹುಡುಗ ಎದ್ದು ಕೂತ ಮೇಲೆ ಕೊಡಿ, ಕೂರಿಸ್ತೀನಿ,' ಅಂದ."

ಅಮ್ಮನ ದನಿ ಎಲ್ಲಿಯೂ ಏರಲಿಲ್ಲ. ಯಾರದೋ ಮನೆಯ ಕಥೆಯನ್ನು ತಪ್ಪಿಲ್ಲದೆ ಒಪ್ಪಿಸುವವಳ ಹಾಗೆ ಹೇಳುತ್ತಿದ್ದಳು.

"ಎರಡು ದಿನ ನಿದ್ದೆ ಮಾಡಿದ ಕಣೇ ನಿಮ್ಮಣ್ಣ. ಮೈ ಸಡಿಲ ಬಿಟ್ಟು, ಹಾಲು ಕುಡಿದ ಮಗು ಮಲಗೋ ಹಾಗೆ. ಬದುಕ್ತಾನೆ ಅಂದ್ಕೊಂಡೆ. ನಿದ್ದೇಲೇ ಹೋದ."

"ಅಪ್ಪ ಮಾಮನಿಗೆ ಹೊಡೆದಾಗ ನೀನು ಬಾಯಿ ಬಿಡಬೇಕಿತ್ತಲ್ಲಮ್ಮ."

"ಹೊರಗೆ ಬಂದೆ. ಅವನು ನನ್ನ ಕಡೆ ನೋಡಿ ತಲೆ ಆಡಿಸಿದ. ಬೇಡ ಅಂತ. ನಿಮ್ಮಣ್ಣ ಹೋದ ಮೇಲೆ ಗುಟ್ಟಾಗಿ ಅವನನ್ನ ನೋಡೋಕೆ ಹೋಗಿದ್ದೆ. 'ಈಗ ಹೇಳಿದ್ರೆ, ಎಂಜಿನ್ ನಿಂತಿದ್ದಕ್ಕೇ ಮಗ ಹೋದ ಅಂತ ಅವರು ನಿಮ್ಮ ತಲೆಗೆ ಕಟ್ತಾರೆ ಅಕ್ಕಾ. ಆ ಮನೇಲಿ ನೀವು ಬಾಳೋಕಾಗಲ್ಲ. ನನ್ನದೇನು, ನಾಲ್ಕು ದಿನ ಮಾತಾಡಿ ಮರೀತಾರೆ,' ಅಂದ. ಎಲ್ಲ ಮುಗಿದ ಮೇಲೆ ಹೇಳೋಣ ಅಂದ್ಕೊಂಡೆ. ಎಲ್ಲ ಅನ್ನೋದು ಮುಗೀಲೇ ಇಲ್ಲ."

"ಅಪ್ಪ ಸತ್ತು ಹತ್ತು ವರ್ಷದ ಮೇಲಾಯ್ತು."

"ಹೌದು," ಎಂದಳು ಅಮ್ಮ. ಸಿಪ್ಪೆಯ ಗುಡ್ಡೆಯನ್ನು ಅಂಗೈಗೆ ಬಳಿದುಕೊಳ್ಳುತ್ತಾ, "ಆಮೇಲೆ ನಾಚಿಕೆ ಬಂತು. ಅಷ್ಟು ವರ್ಷ ಸುಮ್ಮನಿದ್ದದ್ದಕ್ಕೆ," ಎಂದಳು.

ನರ್ಸಕ್ಕನಿಗೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಇನ್ನೊಂದು ನೆನಪೂ ಬಂತು. ಮೂರು ವರ್ಷದ ಕೆಳಗೆ ಎಂಜಿನ್ ಮಾಮ ಅವಳ ಆಸ್ಪತ್ರೆಗೇ ಬಂದು ಸೇರಿದ್ದ. ಮೂಟೆಗಳ ಧೂಳು ಕುಡಿದು ಎದೆ ಹಾಳಾಗಿತ್ತು. ಹೆಂಡತಿ ಬೆಂಚಿನ ತುದಿಯಲ್ಲಿ ಮುದುಡಿ ಕೂತಿರುತ್ತಿದ್ದಳು. ನರ್ಸಕ್ಕ ನಾಡಿ ನೋಡಲು ಬಗ್ಗಿದಾಗ ಅವನು, "ಅಮ್ಮ ಹೇಗಿದ್ದಾರೆ?" ಎಂದು ಕೇಳಿದ್ದ. "ಇದ್ದಾರೆ," ಎಂದು ಅವಳು ಚುಟುಕಾಗಿ ಹೇಳಿ ಮುಂದಿನ ಮಂಚಕ್ಕೆ ಹೋಗಿದ್ದಳು. ಮರುದಿನವೂ ಕೇಳಿದ. ಮೂರನೆಯ ದಿನ ಅವಳು ಡ್ಯೂಟಿಗೆ ಬರುವಷ್ಟರಲ್ಲಿ ಅವನು ತೀರಿಹೋಗಿದ್ದ, ಆ ಮಂಚದಲ್ಲಿ ಬೇರೆ ಯಾರೋ ಇದ್ದರು.

ಈಗ ಅಮ್ಮನಿಗೆ ಅದನ್ನು ಹೇಳಿದಳು. ಅಮ್ಮ ಕೇಳಿ, ಮಗಳ ಮುಖವನ್ನೇ ನೋಡಿದಳು.

"ಅಲ್ಲೇ ಇದ್ದನಾ," ಎಂದಳು. "ನನಗೆ ಹೇಳಲಿಲ್ಲವಲ್ಲೇ."

ಇಬ್ಬರಿಗೂ ಆ ರಾತ್ರಿ ಊಟ ಸೇರಲಿಲ್ಲ. ಮಲಗುವ ಮುಂಚೆ ಅಮ್ಮ, "ಅವನ ಹೆಂಡತಿ ಇದ್ದಾಳೆ ಅಲ್ವಾ? ಭಾನುವಾರ ಕರ್ಕೊಂಡು ಹೋಗು," ಎಂದಳು. ನಿನ್ನ ಮಂಡಿ ನೋವು, ಅಷ್ಟು ದೂರ, ಎಂದು ಮಗಳು ಶುರುಮಾಡಿದರೆ ಅವಳು ಮಗ್ಗುಲಾಗಿ ಮಲಗಿದಳು.

ಲಾರಿ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು. ಒಂದರ ಬಾಗಿಲ ಹತ್ತಿರ, ಬೆಳಕು ಬೀಳುವ ಕಡೆ, ಎಂಜಿನ್ ಮಾಮನ ಹೆಂಡತಿ ಹರಿದ ಗೋಣಿಚೀಲಗಳ ರಾಶಿಯ ನಡುವೆ ಕೂತು ದಬ್ಬಳದಿಂದ ಹೊಲಿಯುತ್ತಿದ್ದಳು. ಹೊಟ್ಟೆಪಾಡಿಗೆ ಅದೇ ಅವಳ ಕಸುಬು. ನೆರಳು ಬಿದ್ದದ್ದಕ್ಕೆ ತಲೆಯೆತ್ತಿದಳು.

"ಆಸ್ಪತ್ರೆ ನರ್ಸಮ್ಮ ಅಲ್ವಾ?" ಎಂದು ಏಳಲು ಹೋದವಳು ಹಿಂದೆ ನಿಂತ ಮುದುಕಿಯನ್ನು ನೋಡಿದಳು. ಅರ್ಧ ಎದ್ದವಳು ಮತ್ತೆ ಅಲ್ಲೇ ಕೂತಳು. "ಗಿರಣಿ ಅಕ್ಕೋರು," ಎಂದಳು. ಬನ್ನಿ ಎನ್ನಲಿಲ್ಲ.

ಅಮ್ಮನಿಗೆ ನಿಲ್ಲಲಾಗುತ್ತಿರಲಿಲ್ಲ. ಆದರೂ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಕೊನೆಗೆ ಎಂಜಿನ್ ಮಾಮನ ಹೆಂಡತಿಯೇ ಒಂದು ಮಡಚಿದ ಚೀಲದ ಕಟ್ಟನ್ನು ಕಾಲಿನಿಂದ ಮುಂದೆ ತಳ್ಳಿದಳು. ಅಮ್ಮ ಮಗಳ ಭುಜ ಹಿಡಿದು ಅದರ ಮೇಲೆ ಇಳಿದು ಕೂತಳು. ಕೈಚೀಲದಿಂದ ಪಂಪು ತೆಗೆದು ನೆಲದ ಮೇಲಿಟ್ಟಳು.

"ಇದೇ ಅದು," ಎಂದಳು. "ನಿನ್ನ ಗಂಡ ಕದೀಲಿಲ್ಲ. ನನಗೋಸ್ಕರ ಬಿಚ್ಚಿಕೊಟ್ಟ. ನಾನು ಹೂತೆ. ಆಮೇಲೆ ಸುಮ್ಮನಿದ್ದೆ."

ಮಗಳಿಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದಳು. ಹುಡುಗನ ಮೈ ಸೆಟೆದದ್ದು, ಹಾರೆ, ಎರಡು ಬೋಲ್ಟು, ಹೆಗಲ ಮೇಲಿನ ಬಟ್ಟೆ. ಅವನು ತಲೆ ಆಡಿಸಿ ಬೇಡ ಎಂದದ್ದು. ಎಂಜಿನ್ ಮಾಮನ ಹೆಂಡತಿ ಕೇಳುತ್ತಲೇ ಹೊಲಿಯುತ್ತಿದ್ದಳು. ದಬ್ಬಳ ಚೀಲದೊಳಗೆ ಹೋಗುವುದು, ಹುರಿ ಸರ್ ಎಂದು ಎಳೆದುಕೊಂಡು ಬರುವುದು. ಮಾತು ಮುಗಿದ ಮೇಲೂ ನಾಲ್ಕು ಹೊಲಿಗೆ ಹಾಕಿದಳು. ಆಮೇಲೆ ಕೈ ನಿಂತಿತು.

"ನನಗೆ ಕದ್ದೆ ಅಂತಲೇ ಹೇಳಿದ್ರು," ಎಂದಳು.

ಅಮ್ಮ ತಲೆ ಎತ್ತಿದಳು.

"ಠಾಣೆಯಿಂದ ಬಿಟ್ಟು ಕಳಿಸಿದ ದಿನ ನಾನೇ ಕೇಳಿದೆ. ನಿಜ ಹೇಳಿ, ನಾನೊಬ್ಬಳಾದ್ರೂ ನಂಬ್ತೀನಿ ಅಂದೆ. 'ಹೌದು ಕಣೇ, ತಗೊಂಡೆ, ಮಾರಿಬಿಟ್ಟೆ,' ಅಂದ್ರು. ನನಗೆ ಹೇಳಿದ್ದಿದ್ರೆ ನಾನು ಸುಮ್ಮನೆ ಇರ್ತಿರಲಿಲ್ಲ. ನಿಮ್ಮ ಗಿರಣಿ ಮುಂದೆ ನಿಂತು ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ. ಅದು ಅವರಿಗೆ ಗೊತ್ತಿತ್ತು." ದಬ್ಬಳವನ್ನು ಚೀಲಕ್ಕೆ ಸಿಕ್ಕಿಸಿದಳು. "ಅದಕ್ಕೇ ನನಗೂ ಕಳ್ಳನಾದ್ರು."

ಓಣಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು. ಬಾ ಬಾ, ಇನ್ನೂ ಬಾ ಎಂದು ಯಾರೋ ಅದರ ಮೈ ತಟ್ಟುತ್ತಿದ್ದರು. ಅದು ನಿಲ್ಲುವವರೆಗೂ ಅವಳು ಕಾದಳು.

"ಮನೇಲಿ ಒಂದು ಚಮಚ ಕಾಣದಿದ್ರೂ ಮೊದಲು ಅವರ ಮುಖ ನೋಡ್ತಿದ್ದೆ ನಾನು. ಬಾಯಲ್ಲಿ ಏನೂ ಅಂತಿರಲಿಲ್ಲ. ಸುಮ್ಮನೆ ನೋಡ್ತಿದ್ದೆ. ಅವರು ಎದ್ದು, ಮಂಚದ ಕೆಳಗೆ, ಪಾತ್ರೆ ಸಂದಿ, ಎಲ್ಲ ಕಡೆ ಹುಡುಕಿ ತಂದು ಕೊಡೋರು. 'ಇಲ್ಲೇ ಇತ್ತು ನೋಡು,' ಅನ್ನೋರು. ಒಂದು ದಿನಾನೂ ಸಿಟ್ಟು ಮಾಡ್ಕೊಳ್ಳಲಿಲ್ಲ. ಕಳ್ಳನಿಗೆ ಎಲ್ಲಿ ಸಿಟ್ಟು ಬರಬೇಕು ಅಂದ್ಕೋತಿದ್ದೆ."

ನರ್ಸಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು. ಮಂಚದಿಂದ ಮಂಚಕ್ಕೆ ಹೋಗಿ ಎಷ್ಟೋ ಜನರಿಗೆ ಸಮಾಧಾನದ ಮಾತು ಹೇಳಿದ್ದಳು. ಈಗ ಬಗ್ಗಿ ಕಾಲ ಬಳಿಯ ಒಂದು ಹರಿದ ಚೀಲವನ್ನು ಎತ್ತಿ ಮಡಚಿದಳು.

"ತಪ್ಪಾಯ್ತು," ಎಂದಳು ಅಮ್ಮ.

"ಈಗ ಯಾಕೆ ಹೇಳಿದ್ರಿ?" ಎಂದು ಅವಳು ಕೇಳಿದಳು. ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ ಹಾಗಿತ್ತು. "ಕಳ್ಳ ಗಂಡನ ಜೊತೆ ಹೇಗೋ ಬದುಕಿ ಕಳಿಸಿಕೊಟ್ಟಿದ್ದೆ. ನನ್ನ ಪಾಡಿಗೆ ನಾನಿದ್ದೆ. ಈಗ ಈ ಮನುಷ್ಯನ್ನ ಎಲ್ಲಿ ಹುಡುಕಲಿ ಹೇಳಿ."

ಅಮ್ಮ ಎರಡು ಕೈಯನ್ನೂ ನೆಲಕ್ಕೆ ಊರಿ ಏಳಲು ನೋಡಿದಳು. ಮಂಡಿ ಬಗ್ಗಿದ್ದು ಬಗ್ಗಿದ ಹಾಗೇ ನಿಂತಿತು. ಮಗಳು ಕೈ ಕೊಡಲು ಮುಂದೆ ಬಂದಳು.

"ಬಿಸಿಲು ಇದೆ," ಎಂದಳು ಎಂಜಿನ್ ಮಾಮನ ಹೆಂಡತಿ, ಯಾರನ್ನೂ ನೋಡದೆ. "ಇಳಿದ ಮೇಲೆ ಹೋಗಿ."

ಪಂಪನ್ನು ಎತ್ತಿ, ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಒಳಗೆ ಗೋಡೆಯ ಗೂಡಿನಲ್ಲಿ ಇಟ್ಟು ಬಂದಳು. ಮತ್ತೆ ಕೂತು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಚೀಲ ಆಯ್ತಾ ಅಜ್ಜಿ?" ಎಂದು ಲಾರಿಯ ಕಡೆಯಿಂದ ಯಾರೋ ಕೂಗಿದರು.

"ಇನ್ನೂ ಇದೆ, ಇರು," ಎಂದು ಅವಳು ದಿನದ ದನಿಯಲ್ಲೇ ಕೂಗಿ ಹೇಳಿದಳು.

ಆದರೆ ದಬ್ಬಳ ಮಾತು ಕೇಳುತ್ತಿರಲಿಲ್ಲ. ಎರಡು ಅಂಚು ಸೇರಿಸಿ ಹಿಡಿದರೆ ಚೀಲ ಜಾರುತ್ತಿತ್ತು. ಚೀಲ ಹಿಡಿದರೆ ಹೊಲಿಗೆ ಓರೆಯಾಗುತ್ತಿತ್ತು. ಒಂದು ಸಲ ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೂತಲ್ಲೇ ಮುಂದಕ್ಕೆ ಜರುಗಿ, ಚೀಲದ ಬಾಯಿಯ ಎರಡೂ ಅಂಚುಗಳನ್ನು ಸೇರಿಸಿ ಬಿಗಿಯಾಗಿ ಹಿಡಿದುಕೊಂಡಳು.

ಎಂಜಿನ್ ಮಾಮನ ಹೆಂಡತಿ ಆ ಕೈಗಳನ್ನು ನೋಡಿದಳು. ಬಿಡಿ ಎನ್ನಲಿಲ್ಲ. ದಬ್ಬಳವನ್ನು ಅವುಗಳ ಪಕ್ಕದಲ್ಲೇ ಚುಚ್ಚಿ, ಬೆರಳಿಗೆ ತಾಗದ ಹಾಗೆ ನಿಧಾನವಾಗಿ ಎಳೆದಳು. ಅಮ್ಮ ಕೈಯನ್ನು ಒಂದು ಗೇಣು ಮುಂದೆ ಸರಿಸಿ ಹಿಡಿದಳು.